ಥಾಮಸ್ ವೇಕ್ಲಿಯ ಎರಡು ಚರಿತ್ರೆಗಳು

ವಿಕ್ಟೋರಿಯಾ ಯುಗದ ಇಂಗ್ಲೆಂಡಿನ ಸಾರ್ವಜನಿಕ ಜೀವನದಲ್ಲಿ ಥಾಮಸ್ ವೇಕ್ಲಿಯ (1795–1862) ಹೆಸರು ದೊಡ್ಡದು. ಆದರೆ ಅವನನ್ನು ಕುರಿತು ಬರೆದವರು ಬಹುಮಟ್ಟಿಗೆ ಅವನ ಪಕ್ಷದವರೇ. 1897ರ ಗ್ರಂಥದ ಕರ್ತೃ ಸ್ಕ್ವೈರ್ ಸ್ಪ್ರಿಗ್, ವೇಕ್ಲಿ 1823ರಲ್ಲಿ ಸ್ಥಾಪಿಸಿದ 'ಲ್ಯಾನ್ಸೆಟ್' ಪತ್ರಿಕೆಗೆ ಮುಂದೆ ಸಂಪಾದಕನಾದವನು. 1945ರಲ್ಲಿ ಬರೆದ ಚಾರ್ಲ್ಸ್ ಬ್ರೂಕ್, ಸಮಾಜವಾದಿ ವೈದ್ಯರ ಸಂಘವನ್ನು ಕಟ್ಟಿದವನು. ಒಬ್ಬನಿಗೆ ವೇಕ್ಲಿ ಮನೆಯ ಹಿರಿಯ, ಇನ್ನೊಬ್ಬನಿಗೆ ಪಂಗಡದ ಪೂರ್ವಿಕ. ಇಂಥ ಬರೆವಣಿಗೆಯನ್ನು ಓದುವಾಗ ನಾವು ಕೊಂಚ ದೂರದಲ್ಲಿ ನಿಲ್ಲುವುದು ಮೇಲು.

ಶಸ್ತ್ರವೈದ್ಯನಾಗಿದ್ದವನು ರಾಜಕಾರಣಿಯಾದನೆಂಬ ರೂಢಿಯ ಮಾತನ್ನು ನಾವು ಒಪ್ಪಲಾರೆವು. ಪತ್ರಿಕೆಯ ಮೊದಲ ದಿನಗಳಲ್ಲಿಯೇ ರಾಜಕಾರಣವಿತ್ತು. ಲಂಡನ್ನಿನ ಆಸ್ಪತ್ರೆಗಳಲ್ಲಿ ಹಣ ತೆತ್ತವರಿಗೆ ಮಾತ್ರ ದೊರೆಯುತ್ತಿದ್ದ ಉಪನ್ಯಾಸಗಳನ್ನು ವೇಕ್ಲಿ ಅಚ್ಚುಹಾಕಿಸಿದನು. ಅಬರ್ನೆತಿ ನ್ಯಾಯಾಲಯದ ಮೊರೆಹೊಕ್ಕು 1825ರಲ್ಲಿ ತಡೆಯಾಜ್ಞೆಯನ್ನು ಪಡೆದನು. ಇದೇ ವೇಕ್ಲಿ 1842ರಲ್ಲಿ, ಗ್ರಂಥಸ್ವಾಮ್ಯದ ಮಸೂದೆಯ ಚರ್ಚೆಯಲ್ಲಿ, ವರ್ಡ್ಸ್‌ವರ್ತ್ ಕವಿಯನ್ನು ಗೇಲಿಮಾಡಿದನು. ಸಾಹಿತ್ಯದ ಅಧ್ಯಾಪಕರಾದ ನಮಗೆ ಇದು ಅರಸಿಕತೆಯೆಂದೇ ತೋರುತ್ತದೆ; ಆದರೂ ಇದನ್ನು ಬರಿಯ ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ. ಜ್ಞಾನವನ್ನು ಒಬ್ಬನ ಸ್ವತ್ತಾಗಿ ಕಟ್ಟಿಡಬಾರದೆಂಬ ಹಟವೇ ಎರಡು ಕಡೆಯೂ ಕೆಲಸಮಾಡಿದೆ.

1828ರ ಪ್ರಕರಣ ಹೆಚ್ಚು ಕಠಿನವಾದುದು. ಗೈಸ್ ಆಸ್ಪತ್ರೆಯಲ್ಲಿ ಬ್ರಾನ್ಸ್‌ಬಿ ಕೂಪರ್ ಎಂಬವನು ಮೂತ್ರಕೋಶದ ಕಲ್ಲನ್ನು ತೆಗೆಯಹೊರಟನು. ನುರಿತ ಕೈಗೆ ಕೆಲವೇ ನಿಮಿಷಗಳ ಆ ಶಸ್ತ್ರಕ್ರಿಯೆ ಸುಮಾರು ಒಂದು ಗಂಟೆ ಎಳೆಯಿತು, ರೋಗಿ ಸತ್ತನು. ಅರಿವಳಿಕೆ ಇನ್ನೂ ಬಾರದ ಕಾಲವದು. ಕೂಪರ್ ಪ್ರಸಿದ್ಧ ಶಸ್ತ್ರವೈದ್ಯ ಆಸ್ಟ್ಲಿ ಕೂಪರನ ಸೋದರನ ಮಗನಾದುದರಿಂದಲೇ ಆ ಸ್ಥಾನಕ್ಕೆ ಬಂದನೆಂಬುದು ಪತ್ರಿಕೆಯ ಆರೋಪ. ಮೊಕದ್ದಮೆಯಲ್ಲಿ ಅವನು ಕೇಳಿದ್ದು 2000 ಪೌಂಡು, ಜ್ಯೂರಿ ಕೊಡಿಸಿದ್ದು 100. ಇದನ್ನು ವೇಕ್ಲಿಯ ನೈತಿಕ ವಿಜಯವೆಂದು ಎಣಿಸುವುದುಂಟು. ನಮಗೆ ಅಷ್ಟು ಸಲೀಸಾಗಿ ಹಾಗೆನ್ನಲು ಬರುವುದಿಲ್ಲ. ಆ ವರದಿಯನ್ನು ನಾಟಕದ ರೂಪದಲ್ಲಿ, ದುರಂತದ ಅಣಕದಂತೆ ಬರೆಯಲಾಗಿತ್ತು. ಮೇಜಿನ ಮೇಲೆ ನರಳಿದವನ ಯಾತನೆ ವಿಡಂಬನೆಯ ಸಾಮಗ್ರಿಯಾಯಿತು. ಸ್ವಜನಪಕ್ಷಪಾತವನ್ನು ಬಯಲಿಗೆಳೆದುದು ನ್ಯಾಯ. ಎಳೆದ ರೀತಿ ಕ್ರೂರ. ಎರಡನ್ನೂ ಕೂಡಿಯೇ ಹೇಳಬೇಕು.

1835ರಲ್ಲಿ ಫಿನ್ಸ್‌ಬರಿಯಿಂದ ಆಯ್ಕೆಯಾಗಿ, ಗಡೀಪಾರಾದ ಡಾರ್ಸೆಟ್ಟಿನ ಕೃಷಿಕಾರ್ಮಿಕರ ಪರವಾಗಿ ಪಾರ್ಲಿಮೆಂಟಿನಲ್ಲಿ ವಾದಿಸಿದ್ದು ಸುಪರಿಚಿತ ಸಂಗತಿ. ಅದಕ್ಕಿಂತ ಅವನ ಕಾರೊನರ್ ಪದವಿ, ಎಂದರೆ ಅಸಹಜ ಮರಣಗಳನ್ನು ವಿಚಾರಿಸುವ ಅಧಿಕಾರ, ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುತ್ತದೆ. ಈ ಪದವಿ ವಕೀಲರಿಗಲ್ಲ, ವೈದ್ಯರಿಗೆ ಸಲ್ಲಬೇಕೆಂದು ವಾದಿಸಿ, 1830ರಲ್ಲಿ ಸೋತು, 1839ರಲ್ಲಿ ಅವನು ಗೆದ್ದನು. 1846ರಲ್ಲಿ ಹೌನ್ಸ್‌ಲೋದ ಸೈನಿಕ ಫ್ರೆಡರಿಕ್ ವೈಟ್ 150 ಛಡಿಯೇಟುಗಳನ್ನು ತಿಂದು ಕೆಲವು ವಾರಗಳಲ್ಲಿ ಮಡಿದನು. ಏಟಿಗೂ ಸಾವಿಗೂ ಸಂಬಂಧವಿಲ್ಲವೆಂದು ಸೇನೆಯ ವೈದ್ಯರು ಹೇಳಿದರು. ವೇಕ್ಲಿ ಎರಾಸ್ಮಸ್ ವಿಲ್ಸನ್ನನಿಂದ ಶವವನ್ನು ಮತ್ತೆ ಪರೀಕ್ಷೆ ಮಾಡಿಸಿದನು. ಛಡಿಯೇಟೇ ಮರಣಕಾರಣವೆಂದು ಜ್ಯೂರಿ ತೀರ್ಪಿತ್ತಿತು. ಅದೇ ವರ್ಷ ಸೇನೆಯಲ್ಲಿ ಏಟಿನ ಮಿತಿ 50ಕ್ಕೆ ಇಳಿಯಿತು. ಸಂಪಾದಕ, ಸದಸ್ಯ, ವೈದ್ಯ, ಈ ಮೂವರನ್ನು ಬೇರೆಬೇರೆ ಅಧ್ಯಾಯಗಳಿಗೆ ಹಂಚುವ ಚರಿತ್ರಕಾರನು ಈ ವಿಚಾರಣೆಯನ್ನು ಯಾವ ಅಧ್ಯಾಯದಲ್ಲಿ ಇಟ್ಟಾನು?