ಕಿಟಕಿ ತೆರೆದ ತಾಯಿ

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಗ್ಗೆ ಬರೆದವರಲ್ಲಿ ಹೆಚ್ಚಿನವರು 16ನೇ ಅಧ್ಯಾಯದಲ್ಲೇ ಬೀಡುಬಿಟ್ಟಿದ್ದಾರೆ. ಸಮಾಧಿಯ ಕೋಣೆ, ಶವಪೆಟ್ಟಿಗೆಯಲ್ಲಿ ರಕ್ತ ಹೀರುವ ಪಿಶಾಚಿಯಾಗಿ ಮಲಗಿರುವ ಲೂಸಿ, ಅವಳ ಕೈಹಿಡಿಯಬೇಕಿದ್ದ ಆರ್ಥರನ ಕೈಯಲ್ಲಿ ಮರದ ಗೂಟ ಮತ್ತು ಸುತ್ತಿಗೆ. ಕಾದಂಬರಿಯ ದುರಂತದ ಶಿಖರ ಇದೇ ಎಂಬ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಪುಸ್ತಕ ಮುಟ್ಟದವರಿಗೂ ಆ ದೃಶ್ಯ ಗೊತ್ತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಲ್ಲಿ ಭಯಾನಕವಿದೆ, ಬೀಭತ್ಸವಿದೆ. ದುರಂತ ಮಾತ್ರ ಅಷ್ಟು ಹೊತ್ತಿಗೆ ಮುಗಿದುಹೋಗಿದೆ. ಅದು ನಡೆದದ್ದು 10ರಿಂದ 12ರವರೆಗಿನ ಅಧ್ಯಾಯಗಳಲ್ಲಿ, ಒಂದು ಮನೆಯ ಮಲಗುವ ಕೋಣೆಯಲ್ಲಿ, ಮಗಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ತಾಯಿಯ ಕೈಯಿಂದ.

1897ರ ಈ ಕಾದಂಬರಿಯ ಕತೆ ಹೇಳುವ ಅಗತ್ಯವಿಲ್ಲ. ಇದು ದಿನಚರಿ, ಪತ್ರ, ತಂತಿ, ಪತ್ರಿಕಾ ವರದಿಗಳನ್ನು ಒಟ್ಟುಮಾಡಿದ ಕಡತ ಎಂಬುದನ್ನು ಮಾತ್ರ ಮರೆಯಬಾರದು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲವೂ ಗೊತ್ತಿರುವುದು ಓದುಗನಿಗೆ ಮಾತ್ರ.

ಲೂಸಿಗೆ ದಿನದಿನಕ್ಕೂ ರಕ್ತ ಬತ್ತುತ್ತಿದೆ. ಸೆಪ್ಟೆಂಬರ್ 7ರಂದು ಆರ್ಥರ್, 10ರಂದು ಡಾಕ್ಟರ್ ಸೀವರ್ಡ್ ತಮ್ಮ ರಕ್ತ ಕೊಟ್ಟಿದ್ದಾರೆ. ಸೀವರ್ಡನ ಗುರು ವಾನ್ ಹೆಲ್ಸಿಂಗ್ ಹಾರ್ಲೆಮಿನಿಂದ ಬೆಳ್ಳುಳ್ಳಿ ಹೂವು ತರಿಸುತ್ತಾನೆ. ಕಿಟಕಿ ಬಾಗಿಲುಗಳಿಗೆ ಅದನ್ನು ಉಜ್ಜುತ್ತಾನೆ, ಹುಡುಗಿಯ ಕೊರಳಿಗೆ ಮಾಲೆ ಮಾಡಿ ಹಾಕುತ್ತಾನೆ, ಕಿಟಕಿ ತೆರೆಯಬೇಡ ಎಂದು ಹೇಳಿ ನೆಮ್ಮದಿಯಿಂದ ಹೊರಡುತ್ತಾನೆ. ಮರುದಿನ ಬೆಳಿಗ್ಗೆ ಇಬ್ಬರು ವೈದ್ಯರೂ ಬಂದಾಗ ಲೂಸಿಯ ತಾಯಿ ಎದುರಾಗುತ್ತಾಳೆ. ರಾತ್ರಿ ಮಗಳ ಚಿಂತೆಯಾಗಿ ಕೋಣೆಗೆ ಹೋದೆ, ಗಾಢ ವಾಸನೆಯ ಆ ಹೂವುಗಳೆಲ್ಲ ಪಾಪ ಮಗುವಿನ ಉಸಿರು ಕಟ್ಟಿಸುತ್ತಿದ್ದವು, ತೆಗೆದುಹಾಕಿದೆ, ಗಾಳಿಯಾಡಲೆಂದು ಕಿಟಕಿಯನ್ನೂ ಒಂದಿಷ್ಟು ತೆರೆದೆ ಎನ್ನುತ್ತಾಳೆ. ಅವಳ ದನಿಯಲ್ಲಿ ಹೆಮ್ಮೆಯಿದೆ, ಮಗಳು ಚೆನ್ನಾಗಿ ನಿದ್ದೆ ಮಾಡಿದ್ದಾಳೆಂಬ ಸಮಾಧಾನವಿದೆ.

ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಘೋರವಾದ ಮಾತು ನನಗೆ ಕಂಡಿಲ್ಲ. ಇಲ್ಲಿ ಡ್ರಾಕುಲಾ ಇಲ್ಲ, ಹಲ್ಲಿಲ್ಲ, ರಕ್ತವಿಲ್ಲ. ಇರುವುದು ಹಗಲು, ಮನೆಯ ಪಡಸಾಲೆ, ತಾಯಿಯೊಬ್ಬಳ ಸಹಜ ಕಾಳಜಿ. ವಾನ್ ಹೆಲ್ಸಿಂಗನ ಮುಖ ಬೂದಿಬಣ್ಣಕ್ಕೆ ತಿರುಗುತ್ತದೆ, ಆದರೆ ಅವನು ಬಾಯಿ ಬಿಡುವಂತಿಲ್ಲ. ಆಕೆಗೆ ಹೃದಯದ ಕಾಯಿಲೆ. ಆಘಾತದ ಸುದ್ದಿ ಕೇಳಿದರೆ ಅಲ್ಲೇ ಪ್ರಾಣ ಹೋದೀತು. ಅವಳು ಕೋಣೆಗೆ ಹೋಗುವಾಗ ನಗುಮುಖದಿಂದಲೇ ಬಾಗಿಲು ಹಿಡಿಯುತ್ತಾನೆ. ಆಮೇಲೆ ಸೀವರ್ಡನನ್ನು ಊಟದ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಕೈ ಬಡಿದುಕೊಂಡು ಬಿಕ್ಕುತ್ತಾನೆ. ಏನೂ ಅರಿಯದ ತಾಯಿ ಒಳ್ಳೆಯದಾಗಲೆಂದು ಮಾಡಿದ್ದು ಮಗಳ ದೇಹಕ್ಕೂ ಆತ್ಮಕ್ಕೂ ಎರವಾಯಿತಲ್ಲ, ಅದನ್ನು ಆಕೆಗೆ ಹೇಳುವಂತೆಯೂ ಇಲ್ಲವಲ್ಲ ಎಂಬುದು ಅವನ ಗೋಳು. ಕಾದಂಬರಿಯ ಮಹಾಜ್ಞಾನಿ ಕುಸಿಯುವುದು ರಾಕ್ಷಸನ ಎದುರಿನಲ್ಲಲ್ಲ, ಈ ತಾಯಿಯ ಎದುರಿನಲ್ಲಿ.

ಹಗೆಯು ಹಗೆಯನ್ನು ಕೊಂದರೆ ಕರುಣೆ ಹುಟ್ಟುವುದಿಲ್ಲ, ಒಬ್ಬರಿಗೊಬ್ಬರು ಬೇಕಾದವರ ನಡುವೆ, ಅರಿಯದೆ ನಡೆದುಹೋಗುವ ಕೃತ್ಯವೇ ದುರಂತದ ವಸ್ತು ಎಂದು ಅರಿಸ್ಟಾಟಲ್ ಹೇಳಿ ಎರಡು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದ ಕಾಲದಿಂದ ರುದ್ರನಾಟಕದ ಚರ್ಚೆ ಮಾಡುತ್ತ ಬಂದಿರುವ ನಮಗೆ ಇದು ಹೊಸತಲ್ಲ. ಆ ಅಳತೆಗೋಲಿಗೆ ಹಿಡಿದು ನೋಡಿ: ಡ್ರಾಕುಲಾ ಎಷ್ಟು ಜನರನ್ನು ಕೊಂದರೂ ಅದು ದುರಂತವಾಗದು. ಕಿಟಕಿ ತೆರೆದ ತಾಯಿಯಿಂದ ಆಗುತ್ತದೆ.

ಅವಳೊಬ್ಬಳನ್ನೇ ದೂರಿದರೆ ಸ್ಟೋಕರನ ಹೆಣಿಗೆ ಕೈತಪ್ಪುತ್ತದೆ. ತನಗೆ ಉಳಿದಿರುವುದು ಕೆಲವೇ ತಿಂಗಳು ಎಂದು ಆ ತಾಯಿಗೆ ಗೊತ್ತು. ಮಗಳಿಗೆ ಹೇಳಬೇಡವೆಂದು ಅವಳ ಗೆಳತಿ ಮಿನಾಳಿಂದ ಮಾತು ತೆಗೆದುಕೊಂಡಿದ್ದಾಳೆ. ಮಗಳು ತನ್ನ ರಾತ್ರಿಗಳ ಭಯವನ್ನು ತಾಯಿಯಿಂದ ಮುಚ್ಚಿಟ್ಟು ಅವಳೆದುರು ನಗುತ್ತಾಳೆ. ಸೀವರ್ಡ್ ರಕ್ತ ಕೊಟ್ಟದ್ದನ್ನು ಆರ್ಥರನಿಗೆ ತಿಳಿಸಬಾರದೆಂದು ವಾನ್ ಹೆಲ್ಸಿಂಗ್ ಕಟ್ಟಪ್ಪಣೆ ಮಾಡುತ್ತಾನೆ. ತನ್ನ ಅನುಮಾನ ಏನೆಂಬುದನ್ನು ಸೀವರ್ಡನಿಗೂ ಬಿಡಿಸಿ ಹೇಳುವುದಿಲ್ಲ. ಕಾಳು ಬಲಿಯಲಿ ಎಂದು ಕಾಯುತ್ತಾನೆ. ಎಲ್ಲರಿಗಿಂತ ಹೆಚ್ಚು ತಿಳಿದವನು ಎಲ್ಲರಿಗಿಂತ ಕಡಿಮೆ ಹೇಳುತ್ತಾನೆ. ಹೂವು ಯಾಕೆ ಎಂಬ ಒಂದು ಮಾತು ಆ ತಾಯಿಯ ಕಿವಿಗೆ ಬಿದ್ದಿದ್ದರೆ ಆ ರಾತ್ರಿ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಕುಂತಿಯ ಮೌನ ಕರ್ಣನನ್ನು ಎಲ್ಲಿಗೆ ಒಯ್ದಿತೆಂದು ಬಲ್ಲ ಕನ್ನಡದ ಓದುಗನಿಗೆ ಈ ಮನೆಯ ಮೌನ ಪರಕೀಯವಾಗಲಾರದು.

ಸೆಪ್ಟೆಂಬರ್ 17ರ ರಾತ್ರಿ ಈ ಎಳೆಗಳೆಲ್ಲ ಒಂದೇ ಗಂಟಾಗುತ್ತವೆ. ಈ ರಾತ್ರಿ ತಪ್ಪದೆ ಲೂಸಿಯ ಮನೆಯಲ್ಲಿರು ಎಂದು ವಾನ್ ಹೆಲ್ಸಿಂಗ್ ಆಂಟ್‌ವರ್ಪಿನಿಂದ ಸೀವರ್ಡನಿಗೆ ಕೊಟ್ಟ ತಂತಿಯಲ್ಲಿ ಜಿಲ್ಲೆಯ ಹೆಸರಿಲ್ಲ. ಅದು ಬೇರೆ ಜಿಲ್ಲೆಯ ಕಾರ್‌ಫ್ಯಾಕ್ಸ್‌ಗೆ ಹೋಗಿ, 22 ಗಂಟೆ ತಡವಾಗಿ ತಲಪುತ್ತದೆ. ಇತ್ತ ತಾಯಿ ಮಗಳ ಪಕ್ಕದಲ್ಲಿ ಬಂದು ಮಲಗಿದ್ದಾಳೆ. ಕಿಟಕಿಯ ಗಾಜು ಒಡೆದು ತೋಳದ ತಲೆ ಕಂಡಾಗ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆಯುತ್ತಾಳೆ. ಸಿಕ್ಕಿದ್ದು ಮಗಳ ಕೊರಳ ಮಾಲೆ. ಮೊದಲ ಸಲ ಅಕ್ಕರೆಯಿಂದ ತೆಗೆದ ಅದೇ ಹೂವನ್ನು ಎರಡನೆಯ ಸಲ ಭಯದಿಂದ ಕೀಳುತ್ತಾಳೆ, ಕಿತ್ತು ಅಲ್ಲೇ ಸಾಯುತ್ತಾಳೆ. ಈ ಪುನರಾವರ್ತನೆಯನ್ನು ಆಕಸ್ಮಿಕ ಎನ್ನುವವರು ಸ್ಟೋಕರನನ್ನು ಓದಿಲ್ಲ. ತಾಯಿಯ ಹೆಣದ ಪಕ್ಕದಲ್ಲಿ ಕೂತು ಲೂಸಿ ನಡೆದದ್ದನ್ನೆಲ್ಲ ಬರೆದು ಎದೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ. ಆ ಬರಹದಲ್ಲಿ ತಾಯಿಯ ಮೇಲೆ ಒಂದು ದೂರೂ ಇಲ್ಲ.

ನಂತರ ಬರುವ 12ನೇ ಅಧ್ಯಾಯದಲ್ಲಿ ಲೂಸಿ ಸಾಯುತ್ತಿರುವಾಗ, ನಡುವೆ ಮಿನಾಳ ಎರಡು ಪತ್ರಗಳಿವೆ. ಹೊಸ ಸಂಸಾರದ ಸಡಗರ, ನಿನ್ನ ಮದುವೆ ಎಲ್ಲಿ, ಯಾವ ಉಡುಪು ತೊಡುತ್ತೀಯ ಎಂಬ ಪ್ರಶ್ನೆಗಳು. ಪತ್ರದ ತಲೆಯಲ್ಲಿ ಒಂದು ಸಣ್ಣ ಸೂಚನೆ: ಲೂಸಿ ಇದನ್ನು ತೆರೆಯಲಿಲ್ಲ. ಬೇರೆ ವ್ಯಾಖ್ಯಾನ ಇಲ್ಲ. ವಿಷಾದವನ್ನು ಇಷ್ಟು ಮಿತವಾಗಿ ಹಿಡಿದಿಟ್ಟ ಪುಟಗಳು ಆ ಕಾಲದ ಜನಪ್ರಿಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಚ್ಚಿಲ್ಲ.

ತಾರೀಖುಗಳನ್ನು ಕೂಡಿಸಿ ನೋಡುವ ತಾಳ್ಮೆ ಇದ್ದವರಿಗೆ ಇನ್ನೂ ಒಂದು ಸಿಗುತ್ತದೆ. ಸೆಪ್ಟೆಂಬರಿನಲ್ಲಿ ತನಗೆ ಇಪ್ಪತ್ತು ತುಂಬುತ್ತದೆ ಎಂದು 5ನೇ ಅಧ್ಯಾಯದಲ್ಲಿ ಲೂಸಿ ಬರೆದಿದ್ದಾಳೆ. ಸೆಪ್ಟೆಂಬರ್ 28ಕ್ಕೆ ನಮ್ಮ ಮದುವೆ ಎಂದು 9ನೇ ಅಧ್ಯಾಯದ ಪತ್ರದ ಕೊನೆಯಲ್ಲಿ ಸೇರಿಸಿದ ಸಾಲಿನಲ್ಲಿ ಸಂತೋಷದಿಂದ ತಿಳಿಸಿದ್ದಾಳೆ. ಅವಳು ಸತ್ತದ್ದು 20ರಂದು. ಸೀವರ್ಡನ ದಿನಚರಿಯ ಪ್ರಕಾರ, ಸ್ಮಶಾನದಲ್ಲಿ ಪಿಶಾಚಿಯಾದ ಲೂಸಿ ಆರ್ಥರನನ್ನು ಗಂಡನೆಂದು ಕರೆದು ಕೈಚಾಚುವುದು 28ರ ರಾತ್ರಿ. ಇದು ಮದುವೆಯ ದಿನವೆಂದು ಯಾವ ಪಾತ್ರವೂ ಹೇಳುವುದಿಲ್ಲ, ಸ್ಟೋಕರನೂ ಹೇಳುವುದಿಲ್ಲ. 16ನೇ ಅಧ್ಯಾಯದಲ್ಲಿ ದುರಂತವೆನ್ನಬಹುದಾದ್ದು ಏನಾದರೂ ಉಳಿದಿದ್ದರೆ ಅದು ಈ ತಾರೀಖು. ಗೂಟ ಇಳಿದ ಮೇಲೆ ಅವಳ ಮುಖಕ್ಕೆ ಹಳೆಯ ಕಳೆ ಮರಳುತ್ತದೆ, ಆರ್ಥರ್ ವಾನ್ ಹೆಲ್ಸಿಂಗನಿಗೆ ಕೃತಜ್ಞತೆ ಹೇಳುತ್ತಾನೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಕಳೆದದ್ದಕ್ಕೆಲ್ಲ ಪರಿಹಾರ ಸಿಕ್ಕಿಬಿಡುವಲ್ಲಿ ದುರಂತ ನಿಲ್ಲುವುದಿಲ್ಲ.

ಹಾಗಾದರೆ ವಿಮರ್ಶಕರು ಇದನ್ನು ಯಾಕೆ ಕಾಣಲಿಲ್ಲ? 1959ರಲ್ಲಿ ಮಾರಿಸ್ ರಿಚರ್ಡ್‌ಸನ್ ಈ ಕಾದಂಬರಿಯನ್ನು ಫ್ರಾಯ್ಡನ ಮಂಚದ ಮೇಲೆ ಮಲಗಿಸಿದ. ಫ್ರಾಂಕೊ ಮೊರೆಟ್ಟಿಗೆ ಡ್ರಾಕುಲಾ ಎಂದರೆ ಬಂಡವಾಳ. 1984ರಲ್ಲಿ ಕ್ರಿಸ್ಟೊಫರ್ ಕ್ರಾಫ್ಟ್ ಗೂಟ ಮತ್ತು ಹಲ್ಲುಗಳಲ್ಲಿ ವಿಕ್ಟೋರಿಯನ್ ಗಂಡು-ಹೆಣ್ಣಿನ ಆತಂಕಗಳನ್ನು ಕಂಡ. 1990ರಲ್ಲಿ ಸ್ಟೀಫನ್ ಅರಾಟಾ ವಸಾಹತುಗಳು ತಿರುಗಿ ಬಂದು ಇಂಗ್ಲೆಂಡನ್ನು ಆಳಿಯಾವೆಂಬ ಭಯವನ್ನು ಓದಿದ. ಇವು ಸಣ್ಣ ಓದುಗಳಲ್ಲ. ಅರಾಟಾನ ಲೇಖನವಂತೂ ವಸಾಹತಿನ ನೆನಪಿರುವ ನಮಗೆ ತೀರ ಹತ್ತಿರದ್ದು. ಆದರೆ ಇವೆಲ್ಲಕ್ಕೂ ಡ್ರಾಕುಲಾ ಬೇಕು, ಅವನ ಹಲ್ಲು ಬೇಕು, ಯಾವುದಾದರೊಂದರ ಸಂಕೇತವಾಗಬಲ್ಲ ವಸ್ತು ಬೇಕು. ಲೂಸಿಯ ತಾಯಿ ಯಾವುದರ ಸಂಕೇತವೂ ಅಲ್ಲ. ಹೀಗಾಗಿ ಅವಳು ಇವರ ಕಣ್ಣಿಗೆ ಬಹುಮಟ್ಟಿಗೆ ಬೀಳುವುದೇ ಇಲ್ಲ. ನಮ್ಮಲ್ಲೂ ಈ ಚಾಳಿ ಬೇರೂರಿದೆ. ಜನಪ್ರಿಯ ಕೃತಿಯನ್ನು ಸಾಂಸ್ಕೃತಿಕ ದಾಖಲೆಯೆಂದು ಕುಯ್ದು ಪರೀಕ್ಷಿಸುತ್ತೇವೆ, ಅದರೊಳಗೆ ಒಂದು ಮನುಷ್ಯಜೀವಕ್ಕೆ ಏನಾಯಿತೆಂದು ಕೇಳುವುದಿಲ್ಲ. ನೊಂದು ಓದುವುದು ಎಳಸುತನ, ಅನುಮಾನದಿಂದ ಓದುವುದೇ ಪ್ರೌಢಿಮೆ ಎಂಬ ನಂಬಿಕೆ ನಮ್ಮ ವಿಮರ್ಶೆಗೆ ಬಹಳ ಹಾನಿ ಮಾಡಿದೆ. ಕರುಣರಸದ ಬಗ್ಗೆ ಅಷ್ಟೊಂದು ಯೋಚಿಸಿದ ಪರಂಪರೆಯವರು ಹೀಗಾಗಬಾರದಿತ್ತು.

ಸಿನಿಮಾದವರೂ ಇಲ್ಲೇ ಎಡವಿದ್ದಾರೆ. ಟೆರೆನ್ಸ್ ಫಿಶರನ 1958ರ ಚಿತ್ರದಲ್ಲಿ ಬೆಳ್ಳುಳ್ಳಿ ಹೂವು ತೆಗೆಯುವುದು ಮನೆಗೆಲಸದ ಹೆಂಗಸು. ಅದೂ ಲೂಸಿಯೇ ಅಂಗಲಾಚಿದ ಮೇಲೆ. ತಾಯಿಯ ಕೈ ಹೋಯಿತು, ಜೊತೆಗೆ ಕರುಣೆಯೂ ಹೋಯಿತು.

ಮೌನದ ಈ ಓದು ನನ್ನ ಕಲ್ಪನೆ ಎನ್ನುವವರು ಕಾದಂಬರಿಯ ಉತ್ತರಾರ್ಧವನ್ನು ನೋಡಬೇಕು. ಕಡತವನ್ನೆಲ್ಲ ಬೆರಳಚ್ಚು ಮಾಡಿ ಜೋಡಿಸಿದ ಮಿನಾಳನ್ನೇ ಗಂಡಸರು ಸೆಪ್ಟೆಂಬರ್ 30ರಂದು ಅವಳ ಹಿತಕ್ಕೆಂದು ಹೊರಗಿಡುತ್ತಾರೆ. ಅವರು ಹೇಳುವುದಿಲ್ಲ, ಅವಳು ತನ್ನ ಬಳಲಿಕೆಯನ್ನು ಹೇಳಿಕೊಳ್ಳುವುದಿಲ್ಲ. ಕೆಲವೇ ದಿನಗಳಲ್ಲಿ ಡ್ರಾಕುಲಾ ಅವಳನ್ನೂ ಮುಟ್ಟಿರುತ್ತಾನೆ. ಅವಳಿಂದ ಏನನ್ನೂ ಮುಚ್ಚಿಡಬಾರದೆಂದು ಅವರು ನಿಶ್ಚಯಿಸುವುದು ಆಮೇಲೆ. ಲೂಸಿಯ ಮನೆಯ ತಪ್ಪನ್ನೇ ಸ್ಟೋಕರ್ ಎರಡನೆಯ ಬಾರಿ ಬರೆದಿದ್ದಾನೆ.

ಕೊರತೆಗಳಿವೆ. 11ನೇ ಅಧ್ಯಾಯದ ಪ್ರಾಣಿಸಂಗ್ರಹಾಲಯದ ಕಾವಲುಗಾರನ ಸಂದರ್ಶನ ಉದ್ದವಾಯಿತು. ಶವಸಂಸ್ಕಾರದ ನಂತರ ನಗುವಿನ ಬಗ್ಗೆ ವಾನ್ ಹೆಲ್ಸಿಂಗ್ ಮಾಡುವ ಭಾಷಣ ದಣಿಸುತ್ತದೆ. ಗುಂಪು ನೋಡದೆ ನಾಲ್ವರ ರಕ್ತ ಏರಿಸಿದ್ದನ್ನು ಮಾತ್ರ ಆಕ್ಷೇಪಿಸುವಂತಿಲ್ಲ. ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು 1901ರಲ್ಲಿ.

‘ಡ್ರಾಕುಲಾ’ವನ್ನು ಕನ್ನಡಕ್ಕೆ ತರುವವರಲ್ಲಿ, ಮಕ್ಕಳಿಗೆಂದು ಸಂಗ್ರಹಿಸುವವರಲ್ಲಿ ನನ್ನದೊಂದು ವಿನಂತಿ: ಪುಟ ಉಳಿಸಲು ಮಿನಾಳ ಆ ತೆರೆಯದ ಪತ್ರಗಳನ್ನು, ತಡವಾದ ತಂತಿಯನ್ನು, ಪತ್ರಗಳ ತಾರೀಖುಗಳನ್ನು ಕೈಬಿಡಬೇಡಿ. ಕತ್ತರಿಸಲೇಬೇಕಿದ್ದರೆ 16ನೇ ಅಧ್ಯಾಯದಿಂದ ಕತ್ತರಿಸಿ.