ಗೋಡೆ ಮೇಲಿನ ಕೆಂಪು ತ್ರಿಕೋನ

ಮಾನ್ವಿ ಹತ್ರ ನಮ್ಮೂರಿನ ಸರ್ಕಾರಿ ಗೋಡೆಯೊಂದರ ಮೇಲೆ ಕೆಂಪು ತ್ರಿಕೋನ ಬರೆದು, ಕೆಳಗೆ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಅಂತ ಬರೆಸಿದ್ರು. ಸಣ್ಣವನಿದ್ದಾಗ ಪ್ರಾಸ ಚೆನ್ನಾಗಿದೆ ಅಂತ ಬಾಯಿಪಾಠ ಮಾಡಿದ್ದೆ. ಈಗ ಆ ಸಾಲನ್ನ ಕಂಡ್ರೆ ಸಿಟ್ಟು ಬರುತ್ತೆ. ಎಷ್ಟು ಮಕ್ಕಳು ಅಂತ ಹೇಳುತ್ತೆ. ಯಾವಾಗ, ಎಷ್ಟು ಅಂತರ ಬಿಟ್ಟು, ಆಪರೇಷನ್ ಯಾರಿಗೆ ಅನ್ನೋದನ್ನ ಹೇಳಲ್ಲ. ಮೇಲಾಗಿ, ಇಬ್ಬರೂ ಆರತಿಗೇ ಹುಟ್ಟಿದ್ರೆ ಕೀರ್ತಿಗೋಸ್ಕರ ಇನ್ನೊಂದು ಹೆರಬೇಕು ತಾನೆ?

ನಮ್ಮಕ್ಕ ಹೆತ್ತಳು. ಎರಡು ಹೆಣ್ಣಾದ ಮೇಲೆ ಗಂಡು, ಇಪ್ಪತ್ನಾಲ್ಕಕ್ಕೇ ಆಪರೇಷನ್. “ಮಾಲಾ ಗುಳಿಗಿ, ಕಾಪರ್-ಟಿ ಬಗ್ಗೆ ಯಾರೂ ಹೇಳಿದ್ದಿಲ್ಲೇನಕ್ಕ?” ಅಂದೆ.

“ಹೇಳಿದ್ರು ತಮ್ಮ, ಅತ್ತಿ ಒಪ್ಪಬೇಕಲ್ಲ.”

“ಮಾವ ಮಾಡಿಸ್ಕೋಬೋದಿತ್ತು.”

“ಏ ಹುಚ್ಚ, ಗಂಡಸ್ರು ಹೊಲ ಮಾಡಬೇಕಲ್ಲ!”

ಇದನ್ನ ಹೇಳಿದ್ದು ಕೆಸರು ಗದ್ದಿಯಾಗ ಬಗ್ಗಿ ಭತ್ತ ನಾಟಿ ಮಾಡ್ತಾ.

ಅಂಕಿ-ಅಂಶ ನೋಡಿದ್ರೂ ಅದೇ ಕಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ವಿವಾಹಿತೆಯರಲ್ಲಿ ಸುಮಾರು 57 ಮಂದಿಗೆ ಸಂತಾನಹರಣ ಆಗಿದೆ. ಗಂಡಸರ ಆಪರೇಷನ್ನು ಇಡೀ ದೇಶದಲ್ಲೇ 0.3 ಪರ್ಸೆಂಟು. ಮೊದಲಿಂದ ಹೀಗಿರಲಿಲ್ಲ. ತುರ್ತುಪರಿಸ್ಥಿತಿಯ 1976-77ರಲ್ಲಿ ಆದ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಲ್ಲಿ ಬಹುಪಾಲು ಗಂಡಸರವೇ. ಆ ಬಲವಂತಕ್ಕೆ ಜನ ರೊಚ್ಚಿಗೆದ್ದ ಮೇಲೆ ಸರ್ಕಾರ ಗಂಡಸರನ್ನ ಬಿಟ್ಟು ಹೆಂಗಸರ ಕಡೆ ತಿರುಗ್ತು. ಹಾಗಂತ ಅದೇನು ದೊಡ್ಡ ಆಪರೇಷನ್ ಅಲ್ಲ. ಹೊಟ್ಟೆ ತೆರೆಯೋದಿಲ್ಲ, ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಅವತ್ತೇ ಮನೆಗೆ. ಮೂರು ತಿಂಗಳು ಬೇರೆ ವಿಧಾನ ಬಳಸಿ, ಒಂದು ಟೆಸ್ಟ್ ಮಾಡಿಸ್ಕೋಬೇಕು, ಅಷ್ಟೆ.

ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಆಗಾಗ ಕೇಳಿಬರೋ ಮಾತು: “ಹಳ್ಳಿಯವರಿಗೆ ಪ್ಲಾನಿಂಗೇ ಗೊತ್ತಿಲ್ಲ.” ನಮಗೆ ಗೊತ್ತು ಬಿಡಿ. ಹೋಮ್ ಲೋನ್, ಅಪ್ರೈಸಲ್, ಪ್ರಾಜೆಕ್ಟ್ ಡೆಡ್‌ಲೈನ್ ಎಲ್ಲಾ ನೋಡ್ಕೊಂಡೇ ಮಗು. ನನ್ನ ಹೆಂಡತಿ ಗುಳಿಗೆ ತಗೊಳ್ಳೋಕೆ ಯಾವ ಅತ್ತೆಯನ್ನೂ ಕೇಳಬೇಕಿರಲಿಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ, ಒಪ್ತೀನಿ. ಆದ್ರೆ ತಲೆಸುತ್ತು ಬಂದಾಗಲೂ ಆ ಗುಳಿಗೆ ನುಂಗಿದ್ದು ಅವಳೇ. ತಿಂಗಳ ದಿನ ಗುರುತು ಹಾಕೋ ಆ್ಯಪ್ ಇದ್ದಿದ್ದೂ ಅವಳ ಫೋನಿನಲ್ಲೇ.

ಎರಡನೇ ಮಗುವಿನ ಸಿಸೇರಿಯನ್‌ಗೆ ಮುಂಚೆ ಡಾಕ್ಟರ್ ಅವಳನ್ನ ಕೇಳಿದ್ರು, “ಜೊತೆಗೇ ಆಪರೇಷನ್ನೂ ಮಾಡಿಬಿಡೋಣವಾ?” ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ಫೋನ್ ಹಿಡ್ಕೊಂಡು ನಿಂತಿದ್ದೆ. ಇಷ್ಟೆಲ್ಲಾ ಓದಿಕೊಂಡಿದ್ದವನಿಗೆ ‘ನಾನು ಮಾಡಿಸ್ಕೋತೀನಿ’ ಅನ್ನೋ ಮಾತು ಬಾಯಿಗೆ ಬರಲಿಲ್ಲ. ಡಾಕ್ಟರೂ ನನ್ನ ಕಡೆ ನೋಡಲಿಲ್ಲ.

ಬಾಣಂತನಕ್ಕೆ ಬಂದ ಅಕ್ಕನಿಗೆ ವಿಷಯ ಗೊತ್ತಾಯ್ತು. ಕೂಸಿಗೆ ಎಣ್ಣೆ ಹಚ್ತಾ ಹಚ್ತಾ ಕೇಳಿದಳು: “ಯಾಕ ತಮ್ಮ, ನೀನೂ ಹೊಲ ಮಾಡಬೇಕಿತ್ತೇನು?”