ಫೊಯಿಬೆ ಏನಾಗಿದ್ದಳು?

ಕಾನಸೂರು, ಶಿರಸಿ, ಸಿದ್ದಾಪುರದ ಕಡೆಯ ನಮಗೆ ಕ್ರೈಸ್ತರೆಂದರೆ ಮೊದಲು ಕಣ್ಮುಂದೆ ಬರುವುದು ಸಿಸ್ಟರ್‌ಗಳು. ಪಾಠ ಹೇಳುವವರೂ ರೋಗಿಯ ಪಕ್ಕ ಕೂರುವವರೂ ಅವರೇ. ಬಲಿಪೀಠದ ಬಳಿ ಪೂಜೆ ನಡೆಸುವವರು ಮಾತ್ರ ಪಾದ್ರಿಗಳು. ಏಕೆ ಹೀಗೆ? ಯೇಸು ಆರಿಸಿಕೊಂಡ ಹನ್ನೆರಡು ಮಂದಿಯೂ ಗಂಡಸರು ಎಂಬುದು ಒಂದು ಉತ್ತರ. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂದು ಪೌಲನೇ ಬರೆದಿದ್ದಾನಲ್ಲ ಎಂಬುದು ಇನ್ನೊಂದು. ಈ ಎರಡನೆಯದನ್ನು ನಾವು ಸ್ವಲ್ಪ ನಿಧಾನವಾಗಿ ಓದಬೇಕು.

ಮೌನದ ಆ ಮಾತು ಇರುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ. ಅದೇ ಪತ್ರದ 11ನೇ ಅಧ್ಯಾಯದಲ್ಲಿ, ಪ್ರಾರ್ಥಿಸುವ, ಪ್ರವಾದಿಸುವ ಹೆಣ್ಣು ತಲೆ ಮುಚ್ಚಿಕೊಳ್ಳಬೇಕೆಂದಿದೆ. ತಲೆಯ ವಸ್ತ್ರದ ಚರ್ಚೆ ನಮಗೇನೂ ಹೊಸತಲ್ಲ. ಬಟ್ಟೆಯ ಬಗ್ಗೆ ವಾದಿಸುವವರಿಗೆ ಬಟ್ಟೆಯೊಳಗಿನ ತಲೆ ಮರೆತುಹೋಗುತ್ತದೆ! ಇಲ್ಲಿಯೂ ಹಾಗೆಯೇ. ಆಕೆ ಸಭೆಯಲ್ಲಿ ಬಾಯಿ ಬಿಟ್ಟು ಮಾತನಾಡುತ್ತಿದ್ದಳೆಂಬುದನ್ನು ಪೌಲ ಸಹಜವೆಂದೇ ಇಟ್ಟುಕೊಂಡಿದ್ದಾನೆ. ಮೌನದ ವಾಕ್ಯಗಳು ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ ಸರಿದಿವೆ. ಅವು ಆಮೇಲೆ ಸೇರಿದವು ಎಂದು ಹಲವು ವಿದ್ವಾಂಸರು ಶಂಕಿಸುವುದು ಇದರಿಂದಲೇ.

ರೋಮ್‌ನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಇನ್ನೂ ಕುತೂಹಲಕಾರಿ. ಕೊರಿಂಥದ ಬಂದರಾದ ಕೆಂಖ್ರೆಯ ಫೊಯಿಬೆಯನ್ನು ಪೌಲ ಅಲ್ಲಿ 'ದಿಯಾಕೊನೊಸ್' ಎನ್ನುತ್ತಾನೆ. ತನ್ನನ್ನು ಕರೆದುಕೊಳ್ಳಲೂ ಅವನು ಬಳಸುವ ಪದ ಅದೇ. ಗ್ರೀಕಿನಲ್ಲಿ ಗಂಡಿಗೂ ಹೆಣ್ಣಿಗೂ ಅದು ಒಂದೇ ರೂಪ. ಕನ್ನಡಕ್ಕೆ ಆ ಅನುಕೂಲವಿಲ್ಲ. ಪೌಲ 'ಸೇವಕ'ನಾದರೆ ಗೌರವ ಕಡಿಮೆಯಾಗುವುದಿಲ್ಲ. ಫೊಯಿಬೆ 'ಸೇವಕಿ'ಯಾದ ಕೂಡಲೇ ಪಾತ್ರೆ ತೊಳೆಯುವವಳ ಚಿತ್ರ ಮೂಡುತ್ತದೆ. ಮುಂದೆ ಬರುವ ಯೂನ್ಯಳ ಪಾಡೂ ಇಂಥದ್ದೇ. ಅಪೊಸ್ತಲರಲ್ಲಿ ಹೆಸರಾಂತವಳೆಂದು ನಾಲ್ಕನೇ ಶತಮಾನದಲ್ಲಿ ಜಾನ್ ಕ್ರಿಸೊಸ್ತಮ್ ಆಕೆಯನ್ನು ಹೆಣ್ಣೆಂದೇ ತಿಳಿದು ಕೊಂಡಾಡಿದ್ದ. ನಂತರದವರು ಆ ಹೆಸರನ್ನು ಗಂಡಸಿನದಾಗಿ ಓದಿದರು. ಕನ್ನಡ ಅನುವಾದಕನಂತೂ 'ಯೂನ್ಯನಿಗೆ' ಅಥವಾ 'ಯೂನ್ಯಳಿಗೆ' ಎಂದು ತೀರ್ಪು ಕೊಡದೆ ವಾಕ್ಯ ಮುಗಿಸುವಂತಿಲ್ಲ.

ಹಾಗೆಂದು ಆದಿಸಭೆ ಸಮಾನತೆಯ ಸ್ವರ್ಗವಾಗಿತ್ತು ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಹೆಣ್ಣು ಉಪದೇಶಿಸಕೂಡದೆನ್ನುವ ತಿಮೊಥೆಯನ ಪತ್ರ ಪೌಲನದಲ್ಲ ಎಂಬುದು ಬಹುತೇಕ ಸಂಶೋಧಕರ ಅಭಿಪ್ರಾಯ. ಆದರೆ ಅದು ಗ್ರಂಥದಲ್ಲಿ ಉಳಿದು ಆಳಿತು. ಕಾರ್ತೇಜಿನ ತೆರ್ತುಲಿಯನ್ ಹೆಣ್ಣನ್ನು ಸೈತಾನನ ಬಾಗಿಲೆಂದ. 203ರಲ್ಲಿ ಅದೇ ಊರಿನಲ್ಲಿ ಹತಳಾದ ಪೆರ್ಪೆತುವಾ ಎಂಬ ತರುಣಿ ಸೆರೆಮನೆಯಲ್ಲಿ ಬರೆದ ದಿನಚರಿಯನ್ನು ಸಭೆ ಭಕ್ತಿಯಿಂದ ಕಾಪಾಡಿತು. 451ರ ಖಲ್ಸೆದೋನ್ ಸಮ್ಮೇಳನ ನಲವತ್ತು ದಾಟದ ಹೆಣ್ಣಿಗೆ ಡೀಕನ್ ದೀಕ್ಷೆ ಬೇಡವೆಂದು ನಿಯಮ ಮಾಡಿತು. ಅಂದರೆ ದೀಕ್ಷೆ ಪಡೆಯುವವರು ಆಗಲೂ ಇದ್ದರು.

ಕರಾವಳಿಗೆ ಬಂದರೆ, ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ತಲೆಮಾರುಗಳಿಗೆ ಪಾಠ ಹೇಳಿದ ಇವರಿಗೆ ಪೂಜೆಯ ಪ್ರವಚನ ಪೀಠ ಸಿಗಲಿಲ್ಲ. ಬಾಸೆಲ್ ಮಿಷನ್‌ನ ಸಭೆಗಳು ಸೇರಿಕೊಂಡ ದಕ್ಷಿಣ ಭಾರತ ಸಭೆಯಾದರೋ 1976ರಲ್ಲೇ ಮಹಿಳೆಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ಪುಷ್ಪ ಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಕಥೋಲಿಕರಲ್ಲಿ ಮಹಿಳಾ ಡೀಕನ್‌ಗಳ ಕುರಿತು 2016ರಲ್ಲೊಂದು, 2020ರಲ್ಲೊಂದು ಆಯೋಗ ಕುಳಿತವು. 2021ರಲ್ಲಿ ಪೋಪ್ ಫ್ರಾನ್ಸಿಸ್ ಪೂಜೆಯಲ್ಲಿ ವಾಚನ ಮಾಡುವ ಅಧಿಕೃತ ಸೇವೆಯನ್ನು ಹೆಂಗಸರಿಗೂ ತೆರೆದರು. ಹಾಗಾಗಿ ಫೊಯಿಬೆಯ ಹೆಸರಿರುವ ಆ ಅಧ್ಯಾಯವನ್ನು ಈಗ ಅವರೇ ನಿಂತು ಓದಬಹುದು. ವಿವರಿಸುವವರು ಮಾತ್ರ ಪಾದ್ರಿಗಳೋ ಡೀಕನ್‌ಗಳೋ ಆಗಿರಬೇಕು.